ಥಾಯ್ ಪಂಕ್ತಿಯಲ್ಲಿ ಬಾಳೆಹಣ್ಣಿನ ರಸಾಯನ: ನನ್ನ ಅನುಭವ

ಸಸ್ಯಾಹಾರಿಯೊಬ್ಬ ಥಾಯ್ ಜನರ ನಡುವೆ ಕುಳಿತು ಹೊಟ್ಟೆ ತುಂಬ ಉಣ್ಣುವುದು ಆಗದ ಮಾತು ಎಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ನಮ್ಮ ಗೆಳೆಯರ ಬಳಗ ನಾಲ್ಕೈದು ವರ್ಷ ನನ್ನನ್ನು ಗೇಲಿ ಮಾಡಿತ್ತು. ಈಗ ಮೂರು ವರ್ಷಗಳಿಂದ ಥಾಯ್ ಹೊಸವರ್ಷದ ಸೋಂಕ್ರಾನ್ ಹಬ್ಬಕ್ಕೆ ವಾರವಿರುವಾಗಲೇ ಥಾಯ್ ದೇವಾಲಯದ ಅಡುಗೆಮನೆಯಿಂದ "ಈ ಸಲ ರಸಾಯನ ಎಷ್ಟು ಜನರಿಗೆ ಮಾಡುತ್ತೀರಿ?" ಎಂದು ನನಗೆ ಫೋನು ಬರುತ್ತಿರುವುದರಿಂದ, ನಡೆದದ್ದನ್ನು ಬರೆಯಲು ಸಂಕೋಚವಿಲ್ಲ. ನಾಮ್ ಪ್ಲಾ ಎಂದರೆ ಮೀನಿನ ಸಾಸ್, 'ಕಪಿ' ಎಂದರೆ ಹಸಿರು ಕರಿಯಲ್ಲಿ ಅಡಗಿರುವ ಸೀಗಡಿಯ ಪೇಸ್ಟ್; ಇಷ್ಟು ಹೇಳಿ ಆ ಪಾಠವನ್ನು ಬಿಟ್ಟಿದ್ದೇನೆ.

ಮೊದಲ ಎರಡು ವರ್ಷ ಹಣವನ್ನೆಲ್ಲ ಹೋಟೆಲುಗಳಿಗೆ ಸುರಿದೆ. ಕೆಲಸದ ಮೇಲೆ ಲಾಸ್ ಏಂಜಲೀಸಿಗೆ ಹೋದಾಗಲೆಲ್ಲ, ಅಲ್ಲಿನ ನಗರಸಭೆ 1999ರಲ್ಲಿ ಥಾಯ್ ಟೌನ್ ಎಂದು ಹೆಸರಿಟ್ಟ ಈಸ್ಟ್ ಹಾಲಿವುಡ್‌ನ ಬೀದಿಯಲ್ಲಿ ಸಂಜೆ ಕಳೆಯುತ್ತಿದ್ದೆ. ಒಟ್ಟು 700–800 ಡಾಲರ್ ಕೈಬಿಟ್ಟಿರಬೇಕು. 'ಮಂಗ್‌ಸವಿರಾಟ್' ಎಂಬ ಪದ ನಮ್ಮ 'ಮಾಂಸವಿರತಿ'ಯೇ ಎಂದು ಕಂಡುಕೊಂಡು ಬೀಗಿದ್ದೆ. ಆದರೆ ಆ ಪದ ಹೇಳಿದ ಮೇಲೂ ತಟ್ಟೆಗೆ ಮೀನಿನ ಸಾಸ್ ಬಂತು, ಏಕೆಂದರೆ ಎಷ್ಟೋ ಅಡುಗೆಯವರ ಲೆಕ್ಕದಲ್ಲಿ ಅದು ಮಾಂಸವಲ್ಲ, ಉಪ್ಪು. ಹೇಳಬೇಕಾದ ಪದ 'ಜೇ'. ಚೀನೀ ಚಾಂದ್ರಮಾನದ ಒಂಬತ್ತನೇ ತಿಂಗಳಿನಲ್ಲಿ ಒಂಬತ್ತು ದಿನ ಆಚರಿಸುವ ಆ ವ್ರತದ ಊಟದಲ್ಲಿ ಮೀನಿನ ಸಾಸ್ ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ; ನಮ್ಮ ಉಡುಪಿ ಕಡೆಯ ಮಡಿ ಅಡುಗೆಗೆ ಅದೇ ಹತ್ತಿರ. ಈ ಒಂದಕ್ಷರ ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ಬರ್ಕ್ಲಿಯ ರಸೆಲ್ ಸ್ಟ್ರೀಟಿನಲ್ಲಿರುವ ಥಾಯ್ ದೇವಾಲಯಕ್ಕೆ ಭಾನುವಾರಗಳಂದು ಹೋಗಿ, ಹಣ ಕೊಟ್ಟು ಟೋಕನ್ ಪಡೆದು ತಿಂದದ್ದೂ ಉಂಟು. ಅಲ್ಲಿ ಖನೋಮ್ ಕ್ರೋಕ್ ಎಂಬ ತೆಂಗಿನ ಹಾಲಿನ ತಿಂಡಿ ಬೇಯಿಸುವ ಕಾವಲಿಯನ್ನು ನೋಡಿ, ಇದು ನಮ್ಮ ಗುಳಿಯಪ್ಪದ ಕಾವಲಿಯೇ ಅಲ್ಲವೇ ಎಂದು ದಂಗಾಗಿ ನಿಂತೆ. ಆದರೆ ಸಾಲಿನಲ್ಲಿ ಹಿಂದೆ ನಿಂತವರು ಮಾತನಾಡಲು ಬಿಡುವುದಿಲ್ಲ. ಟೋಕನ್ ಹಿಡಿದವನು ಗಿರಾಕಿಯಾಗಿಯೇ ಉಳಿಯುತ್ತಾನೆ.

ಆಮೇಲೆ ಹೊಳೆದದ್ದು, ಉಣ್ಣಲು ಹೋಗುವುದಲ್ಲ, ಬಡಿಸಲು ಹೋಗಬೇಕು ಎಂಬುದು. ಥಾಯ್ ಭಿಕ್ಷುಗಳಿಗೆ ಊಟ ಅರ್ಪಿಸಿದ ಮೇಲೆ, ಉಳಿದದ್ದನ್ನು ನೆರೆದವರೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಪಾತ್ರೆ ತಂದವನಿಗೆ ಅಲ್ಲಿ ತಾನಾಗಿ ಜಾಗ ಸಿಗುತ್ತದೆ. ಹೇಳಲು ಇಷ್ಟು ಸುಲಭ. ಮೊದಲ ಸಲ ನಾನು ಚಿತ್ರಾನ್ನ ಹೊತ್ತು ತಲುಪಿದಾಗ ಗಂಟೆ ಹನ್ನೆರಡೂಕಾಲು. ಮಧ್ಯಾಹ್ನದ ನಂತರ ಭಿಕ್ಷುಗಳು ಉಣ್ಣುವುದಿಲ್ಲ ಎಂಬುದನ್ನು ಓದಿ ತಿಳಿದಿದ್ದರೂ ಹೆದ್ದಾರಿಯ ವಾಹನಸಂದಣಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎರಡನೆಯ ಸಲ ಹತ್ತೂವರೆಗೇ ಹೋದೆ, ಆದರೆ ಒಯ್ದದ್ದು ಮೊಸರನ್ನ. ಎಲ್ಲರೂ ನಕ್ಕು ಒಂದೊಂದು ಚಮಚ ಹಾಕಿಸಿಕೊಂಡರು, ಪಾತ್ರೆ ಮುಕ್ಕಾಲು ತುಂಬಿದಂತೆಯೇ ಮನೆಗೆ ಮರಳಿತು. ಮೂರನೆಯ ಸಲ, ಐವತ್ತರ ಆಸುಪಾಸಿನ ಅಡುಗೆಯವರೊಬ್ಬರನ್ನು 'ಪಾ', ಅಂದರೆ ದೊಡ್ಡಮ್ಮ, ಎಂದು ಕರೆಯುವ ಬದಲು 'ಯಾಯ್', ಅಜ್ಜಿ, ಎಂದುಬಿಟ್ಟೆ. ಆ ದಿನ ಅವರು ನನ್ನೊಡನೆ ಮತ್ತೆ ಮಾತನಾಡಲಿಲ್ಲ. ಪುಣ್ಯಕ್ಕೆ, ಭಿಕ್ಷುಗಳು ಹೆಂಗಸರ ಕೈಯಿಂದ ನೇರವಾಗಿ ತೆಗೆದುಕೊಳ್ಳದೆ ಮುಂದೆ ಬಟ್ಟೆ ಹಾಸುತ್ತಾರೆ ಎಂಬುದನ್ನು ನನ್ನ ಹೆಂಡತಿ ನೋಡಿಯೇ ಕಲಿತಿದ್ದಳು. ಆ ಒಂದು ತಪ್ಪು ಮಾತ್ರ ನಮ್ಮಿಂದ ಆಗಲಿಲ್ಲ.

ದಾರಿ ತೆರೆದದ್ದು ಸೋಂಕ್ರಾನ್ ದಿನ. ಹೆಸರೇ ಹೇಳುವಂತೆ ಅದು ಸಂಕ್ರಾಂತಿ, ಏಪ್ರಿಲ್ 13ರಿಂದ 15ರವರೆಗೆ. ನಮ್ಮ ತುಳುನಾಡಿನ ಬಿಸು ಹಬ್ಬವೂ ಅದೇ ಹೊತ್ತಿಗೆ ಬರುತ್ತದೆ. ಬಿಸುವಿಗೆಂದು ಮಾಡಿದ ಬಾಳೆಹಣ್ಣಿನ ರಸಾಯನವನ್ನೇ ಹೆಚ್ಚಿಗೆ ಮಾಡಿ ಒಯ್ದೆ. ಮುಚ್ಚಳ ತೆಗೆದೊಡನೆ ಆ 'ಪಾ' ಬಗ್ಗಿ ನೋಡಿ, "ಕ್ಲುಐ ಬುಆತ್ ಚೀ!" ಎಂದು ಕೂಗಿ ಉಳಿದವರನ್ನೂ ಕರೆದರು. ತೆಂಗಿನ ಹಾಲಿನಲ್ಲಿ ಬೇಯಿಸಿದ ಬಾಳೆಹಣ್ಣಿಗೆ ಅವರಿಟ್ಟ ಹೆಸರಿನ ಅರ್ಥ 'ಸನ್ಯಾಸಿನಿಯಾದ ಬಾಳೆ', ಅವರ ಸನ್ಯಾಸಿನಿಯರಂತೆ ಬಿಳಿ ಉಟ್ಟಿದೆಯಲ್ಲ! ನಮ್ಮದು ಬೇಯಿಸದ್ದು, ಬೆಲ್ಲದಿಂದ ಕಂದಾದದ್ದು ಎಂದೊಡನೆ ಅವರಿಗೆ ಕುತೂಹಲ ಹೆಚ್ಚಿತು. ಸುಮಾರು 40 ಜನರಿಗೆ ಆಗುವಷ್ಟು ರಸಾಯನ ಅರ್ಧ ಗಂಟೆಯಲ್ಲಿ ಖಾಲಿಯಾಯಿತು. ಖರ್ಚು 25 ಡಾಲರ್ ದಾಟಿರಲಿಲ್ಲ. ಹೋಟೆಲಿನಲ್ಲಿ ಒಂದು ಸಂಜೆಗೆ ಅದಕ್ಕಿಂತ ಹೆಚ್ಚು ಕೊಟ್ಟಿದ್ದೇನೆ.

ಮನೆಯಲ್ಲಿ ಮೊದಲು ಮಾಡಿದ ಎರಡು ಪಾತ್ರೆ ಕೆಟ್ಟಿದ್ದವು. ಅಮೆರಿಕದ ಉದ್ದ ಬಾಳೆಹಣ್ಣು ಗಂಟೆಯೊಳಗೆ ಕಪ್ಪಾಗಿ ಗೊಜ್ಜಾಗುತ್ತದೆ. ಮೆಕ್ಸಿಕನ್ ಅಂಗಡಿಯ ಗಿಡ್ಡ, ದಪ್ಪ ಬಾಳೆಯೇ ಆಗಬೇಕು. ಓಲೆಬೆಲ್ಲ ಸಿಗದ ಕಡೆ ಥಾಯ್ ಅಂಗಡಿಯ ತಾಳೆ ಸಕ್ಕರೆ ಅದರ ಸ್ಥಾನಕ್ಕೆ ಬರುತ್ತದೆ. ಚಿಟಿಕೆ ಉಪ್ಪು ಅವರಿಂದ ಕಲಿತದ್ದು. ಡಬ್ಬಿಯ ತೆಂಗಿನ ಹಾಲಿನ ವಾಸನೆ ಕಳೆಯಲು ನಾನು ಹಾಕುವ ಇನ್ನೊಂದು ವಸ್ತುವನ್ನು ಮಾತ್ರ ಇಲ್ಲಿ ಬರೆಯಲಾರೆ. 'ಪಾ' ಕೂಡ ಇನ್ನೂ ಊಹಿಸುತ್ತಲೇ ಇದ್ದಾರೆ.

ಒಟ್ಟಿಗೆ ಕುಳಿತ ಮೇಲೂ ನನಗೊಂದು ಕಷ್ಟವಿತ್ತು, ಎಂಜಲಿನದು. ನಡುವೆ ಇಟ್ಟ ಬಟ್ಟಲಿಗೆ ಎಲ್ಲರ ಚಮಚವೂ ಇಳಿಯುತ್ತದೆಂದು ಹೆದರಿ ಮೊದಲಿಗೇ ನನ್ನ ಪಾಲನ್ನು ತಟ್ಟೆಗೆ ರಾಶಿ ಹಾಕಿಕೊಂಡೆ. ಅವರಲ್ಲಿ ಅದು ದುರಾಸೆಯ ಲಕ್ಷಣ. ಅನ್ನದ ಮೇಲೆ ಒಂದು ಸಲಕ್ಕೆ ಒಂದೇ ಚಮಚ ಪಲ್ಯ, ಅದು ಮುಗಿದ ಮೇಲೆ ಇನ್ನೊಂದು. 'ಚೋನ್ ಕ್ಲಾಂಗ್', ಅಂದರೆ ಬಡಿಸಿಕೊಳ್ಳುವುದಕ್ಕೆಂದೇ ಬಟ್ಟಲಲ್ಲಿ ಇಡುವ ಚಮಚ, ಅವರಲ್ಲೂ ಉಂಟೆಂದು ತಿಳಿದ ಮೇಲೆ ಅದನ್ನು ಕೇಳಿ ಪಡೆಯುತ್ತೇನೆ, ಯಾರೂ ಬೇಸರಿಸಿಲ್ಲ.

ನಡುವೆ ಸೋಮ್ ತಾಮ್ ಎಂಬ ಪರಂಗಿಕಾಯಿಯ ಸಲಾಡ್ ಮೇಲೂ ಕೈಯಾಡಿಸಿದೆ. ಒಣ ಸೀಗಡಿಯ ಬದಲು ಹುರಿಗಡಲೆ, ನಾಮ್ ಪ್ಲಾ ಬದಲು ಹುಣಸೆಯ ರಸ ಮತ್ತು ಸೋಯಾ ಸಾಸ್ ಹಾಕಿ ಪರಂಗಿಕಾಯಿಯನ್ನು ಕುಟ್ಟಿದರೆ ಅದು ಕೋಸಂಬರಿಯೂ ಅಲ್ಲ, ಸೋಮ್ ತಾಮ್ ಕೂಡ ಅಲ್ಲ. ನನಗೆ ರುಚಿಸಿತು, ಅವರಿಗೆ ಇಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಈಗ ಕಣ್ಣಿಟ್ಟಿರುವುದು ಭಿಕ್ಷುಗಳು ಮಳೆಗಾಲದಲ್ಲಿ ಒಂದೇ ಕಡೆ ನೆಲೆಸುವ ವರ್ಷಾವಾಸ ಮುಗಿಯುವ ಓಕ್ ಫನ್ಸಾ ದಿನದ ಮೇಲೆ. ಅಂದು ಅವರು ಅಂಟಕ್ಕಿ ಮತ್ತು ಬಾಳೆಹಣ್ಣನ್ನು ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಖಾವ್ ತೋಮ್ ಮಾತ್ ತರುತ್ತಾರೆ. ಅದರ ಪಕ್ಕದಲ್ಲಿ ಅರಸಿನ ಎಲೆಯ ಕಡುಬು ಇಡಬೇಕೆಂದು ಹಿತ್ತಲಿನ ಕುಂಡಗಳಲ್ಲಿ ಅರಸಿನ ನೆಟ್ಟಿದ್ದೇನೆ. ಸದ್ಯಕ್ಕೆ ಕಡುಬಿಗೆ ಆಗುವಂಥ ಎಲೆ 12 ಇವೆ. ಭಿಕ್ಷುಗಳಿಗೆ ಸಾಕು, 'ಪಾ'ಗೆ ಮುಂದಿನ ವರ್ಷ ಎಂದು ಈಗಲೇ ಹೇಳಿಟ್ಟಿದ್ದೇನೆ.