ಕಾಂಬೋಜಿ ಎಂದರೆ ಕಾಂಬೋಜಿ ಕೇಳಿಸಬೇಕು: ನಾನು ಮಾಡಿಕೊಂಡ ಸಂಗೀತ ಸರ್ವರ್

ಮನೆಯಲ್ಲಿದ್ದ ಸಿ.ಡಿ.ಗಳನ್ನೆಲ್ಲ ಒಂದು ಹಳೆಯ ಕಂಪ್ಯೂಟರಿಗೆ ಸೇರಿಸಿ ಹಜಾರದ ಸ್ಪೀಕರುಗಳಲ್ಲಿ ಕೇಳುವ ಏರ್ಪಾಡಿಗೆ ಕೈಹಾಕಿದಾಗ ನನಗೆ ಬೇಕಾಗಿದ್ದದ್ದು ಎರಡೇ. ಸಿ.ಡಿ.ಯಲ್ಲಿರುವ ಒಂದು ಅಂಕಿಯೂ ದಾರಿಯಲ್ಲಿ ಬದಲಾಗಬಾರದು. ಕಾಂಬೋಜಿ ರಾಗ ಎಂದು ಹುಡುಕಿದರೆ ಮನೆಯಲ್ಲಿರುವ ಕಾಂಬೋಜಿಗಳೆಲ್ಲ ಒಟ್ಟಿಗೆ ಸಿಗಬೇಕು. ಗುಣಮಟ್ಟವೆಂದರೆ ಎಲ್ಲರೂ ಮೊದಲನೆಯದನ್ನೇ ಮಾತನಾಡುತ್ತಾರೆ. ನಮ್ಮ ಸಂಗೀತಕ್ಕೆ ಎರಡನೆಯದೂ ಅಷ್ಟೇ ಮುಖ್ಯ ಎಂಬುದು ನನ್ನ ದೃಢ ನಂಬಿಕೆ.

ಯಂತ್ರಕ್ಕೆ ಹೆಚ್ಚು ಖರ್ಚು ಬೇಕಿಲ್ಲ. ಕಚೇರಿಗಳು ಮಾರಿಬಿಡುವ ಚಿಕ್ಕ ಡೆಸ್ಕ್‌ಟಾಪ್, 4 ಜಿಬಿ ಮೆಮೊರಿ, ಹಾಡುಗಳಿಗೆ ಒಂದು ದೊಡ್ಡ ಡಿಸ್ಕ್ ಇದ್ದರೆ ಧಾರಾಳವಾಯಿತು. ಫ್ಯಾನ್ ಸದ್ದು ಮಾತ್ರ ಕಾಡುತ್ತದೆ. ಆಲಾಪನೆಯ ಕೊನೆಯಲ್ಲಿ ತಂಬೂರಿಯೊಂದೇ ಉಳಿಯುವ ಕ್ಷಣದಲ್ಲಿ ಆ ಗುಂಯ್‌ಗುಟ್ಟುವಿಕೆ ಅಸಹನೀಯ. ಹಾಗಾಗಿ ಪೆಟ್ಟಿಗೆಯನ್ನು ಗೋಡೆಯಾಚೆಗಿನ ಕೋಣೆಯಲ್ಲಿಟ್ಟು ಯುಎಸ್‌ಬಿ ಕೇಬಲನ್ನು ಮಾತ್ರ ಈಚೆಗೆ ತಂದೆ. ಯುಎಸ್‌ಬಿ 2.0 ಕೇಬಲ್ 5 ಮೀಟರ್ ಮೀರಬಾರದು. ಆ ಕೇಬಲ್ಲಿನ ತುದಿಗೆ ಡ್ಯಾಕ್, ಅಂದರೆ ಅಂಕಿಗಳನ್ನು ಧ್ವನಿಯ ಅಲೆಯಾಗಿಸುವ ಪುಟ್ಟ ಪೆಟ್ಟಿಗೆ. ‘ಅಸಿಂಕ್ರೊನಸ್’ ಬಗೆಯದನ್ನೇ ಆರಿಸಿಕೊಳ್ಳಿ. ಅದರಲ್ಲಿ ಕಾಲದ ಲೆಕ್ಕವನ್ನು ಡ್ಯಾಕ್ ಸ್ವತಃ ಇಟ್ಟುಕೊಳ್ಳುತ್ತದೆ, ಕಂಪ್ಯೂಟರಿನ ಗಡಿಯಾರವನ್ನು ನಂಬಿ ಕೂರುವುದಿಲ್ಲ.

ತಂತ್ರಾಂಶಕ್ಕೆ ಡೆಬಿಯನ್ ಲಿನಕ್ಸ್, ಅದರ ಮೇಲೆ ಹಾಡು ನುಡಿಸುವ ಮ್ಯೂಸಿಕ್ ಪ್ಲೇಯರ್ ಡೀಮನ್, ಅಂದರೆ ಎಂಪಿಡಿ. ಡೆಸ್ಕ್‌ಟಾಪ್ ಪರದೆಯನ್ನು, ಅಂದರೆ ಕಿಟಕಿ, ಐಕಾನುಗಳನ್ನು ತೋರಿಸುವ ತಂತ್ರಾಂಶವನ್ನು, ಬೇಕೆಂದೇ ಹಾಕಲಿಲ್ಲ. ಪರದೆಯ ಜೊತೆಗೆ ಬರುವ ಪೈಪ್‌ವೈರ್‌ನಂತಹ ಧ್ವನಿ ಮಧ್ಯವರ್ತಿ ಸಾಮಾನ್ಯವಾಗಿ 48,000 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಧ್ವನಿಯ 48,000 ಅಳತೆಗಳ (ಮಾದರಿಗಳ) ದರದಲ್ಲಿ ಓಡುತ್ತದೆ. ಸಿ.ಡಿ. ಇರುವುದು 44,100ರಲ್ಲಿ. ಬಂದ ಪ್ರತಿಯೊಂದು ಮಾದರಿಯನ್ನೂ ಅದು ಹೊಸದಾಗಿ ಲೆಕ್ಕ ಹಾಕಿ ಮುಂದೆ ಕಳಿಸುತ್ತದೆ. ಈ ಲೆಕ್ಕ ಕಿವಿಗೆ ತಿಳಿಯುತ್ತದೆಯೇ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಬೇಡದ ಕೆಲಸವನ್ನು ತಪ್ಪಿಸಬಹುದಾದರೆ ತಪ್ಪಿಸಬೇಕು, ಅಷ್ಟೆ. ಎಂಪಿಡಿಯ ಸಂರಚನಾ ಕಡತದಲ್ಲಿ ಲಿನಕ್ಸ್‌ನ ಧ್ವನಿ ವ್ಯವಸ್ಥೆಯಾದ ಅಲ್ಸಾ ಮೂಲಕ ಡ್ಯಾಕ್‌ಗೆ ನೇರ ದಾರಿ ಕೊಟ್ಟು, ತಾನಾಗಿ ದರ ಬದಲಿಸುವುದನ್ನೂ ಧ್ವನಿಮಟ್ಟದ ನಿಯಂತ್ರಣವನ್ನೂ ನಿಲ್ಲಿಸಿದೆ. ಇಲ್ಲಿ ಎಚ್ಚರ ಬೇಕು. ಇನ್ನು ಮುಂದೆ ಧ್ವನಿ ಏರಿಸಿ ಇಳಿಸುವುದು ಆಂಪ್ಲಿಫೈಯರಿನಲ್ಲಿ ಮಾತ್ರ. ಮೊದಲ ಸಲ ಹಚ್ಚುವ ಮೊದಲು ಅದರ ಗುಂಡಿಯನ್ನು ಪೂರ್ತಿ ಇಳಿಸಿರಬೇಕು. ಡ್ಯಾಕನ್ನು ಕಾರ್ಡ್ ಸಂಖ್ಯೆಯಿಂದ ಗುರುತಿಸದೆ ಹೆಸರಿನಿಂದಲೇ ಗುರುತಿಸಿ, ಕಂಪ್ಯೂಟರ್ ಮತ್ತೆ ಚಾಲೂ ಆದಾಗ ಸಂಖ್ಯೆ ಬದಲಾಗಬಹುದು.

ಇದೆಲ್ಲ ಸರಿಯಾಗಿದೆಯೇ ಎಂದು ಊಹಿಸಬೇಕಾಗಿಲ್ಲ, ನೋಡಿಯೇ ತಿಳಿಯಬಹುದು. ಹಾಡು ಓಡುತ್ತಿರುವಾಗ ಲಿನಕ್ಸ್‌ನ ‘ಪ್ರಾಕ್’ ಕೋಶದೊಳಗೆ ಆ ಧ್ವನಿ ಕಾರ್ಡಿನ ‘ಎಚ್‌ಡಬ್ಲ್ಯೂ ಪ್ಯಾರಮ್ಸ್’ ಎಂಬ ಕಡತ ತೆರೆದರೆ ಡ್ಯಾಕ್‌ಗೆ ಹೋಗುತ್ತಿರುವ ದರ ಕಾಣುತ್ತದೆ. 44,100 ಇದ್ದರೆ ದಾರಿ ಶುದ್ಧ. 16 ಬಿಟ್ ಬದಲು 32 ಬಿಟ್ ಎಂದು ಕಂಡರೆ ಗಾಬರಿಯಾಗಬೇಡಿ. ಹಲವು ಡ್ಯಾಕ್‌ಗಳು ಅಷ್ಟು ಅಗಲದ್ದನ್ನೇ ಕೇಳುತ್ತವೆ, ಕೊನೆಗೆ ಸೊನ್ನೆಗಳು ಸೇರುತ್ತವೆ, ಸ್ವರದ ಬೆಲೆ ಬದಲಾಗುವುದಿಲ್ಲ.

ಸಿ.ಡಿ.ಗಳಿಂದ ಹಾಡು ತೆಗೆಯುವ ಕೆಲಸಕ್ಕೆ ವಿಪ್ಪರ್ ಎಂಬ ತಂತ್ರಾಂಶ ಬಳಸಿದೆ. ಅದು ಪ್ರತಿ ಹಾಡನ್ನು ಎರಡು ಸಲ ಓದಿ ತಾಳೆ ನೋಡುತ್ತದೆ, ಬೇರೆಯವರು ಅದೇ ಸಿ.ಡಿ. ಓದಿದಾಗ ಬಂದ ತಾಳೆ ಮೊತ್ತವನ್ನು (ಚೆಕ್‌ಸಮ್) ಆಕ್ಯುರೇಟ್‌ರಿಪ್ ಭಂಡಾರದಿಂದ ತಂದು ಹೋಲಿಸುತ್ತದೆ. ನನ್ನಲ್ಲಿದ್ದ ಕೆಲವು ವೀಣೆ, ಪಿಟೀಲು ಸಿ.ಡಿ.ಗಳು ಆ ಭಂಡಾರದಲ್ಲಿ ಇರಲೇ ಇಲ್ಲ. ಅಂಥವಕ್ಕೆ ಎರಡು ಓದುಗಳ ತಾಳೆಯೇ ಆಧಾರ. ಉಳಿಸುವುದು ಫ್ಲ್ಯಾಕ್ ರೂಪದಲ್ಲಿ. ಒಂದು ಗಂಟೆಯ ಸಿ.ಡಿ. ಸಂಗೀತ ಸುಮಾರು 635 ಎಂಬಿ. ಫ್ಲ್ಯಾಕ್ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ, ಬಿಚ್ಚಿದಾಗ ಒಂದು ಅಂಕಿಯೂ ಕಳೆದಿರುವುದಿಲ್ಲ. ರಾಗ, ತಾನ, ಪಲ್ಲವಿಯನ್ನು ಮೂರು ಟ್ರ್ಯಾಕುಗಳಾಗಿ ಕತ್ತರಿಸಿರುವ ಸಿ.ಡಿ.ಗಳಲ್ಲಿ ತಾನದಿಂದ ಪಲ್ಲವಿಗೆ ಹೋಗುವಾಗ ನಡುವೆ ತುಂಡಾಗದೆ ಹರಿಯುವುದು ಇದರ ಇನ್ನೊಂದು ಲಾಭ.

ಇನ್ನು ಟ್ಯಾಗ್‌ಗಳು, ಅಂದರೆ ಹಾಡಿನ ಕಡತದೊಳಗೇ ಬರೆದಿಡುವ ವಿವರಗಳು. ನನ್ನ ಸಂಜೆಗಳೆಲ್ಲ ಹೋದದ್ದು ಇಲ್ಲಿ.

ಅಂತರಜಾಲದಿಂದ ತಾನಾಗಿ ಬರುವ ವಿವರಗಳಲ್ಲಿ ನನಗೆ ಹೆಚ್ಚಾಗಿ ಸಿಕ್ಕಿದ್ದು ಮುಖ್ಯ ಕಲಾವಿದರ ಹೆಸರು ಮಾತ್ರ. ಪಕ್ಕವಾದ್ಯದವರು ಇರುವುದಿಲ್ಲ, ರಾಗವು ಹಾಡಿನ ಹೆಸರಿಗೇ ಅಂಟಿಕೊಂಡಿರುತ್ತದೆ. ಫ್ಲ್ಯಾಕ್‌ನಲ್ಲಿ ‘ರಾಗ’ ಎಂಬ ಹೊಸ ಟ್ಯಾಗನ್ನೇ ಸೃಷ್ಟಿಸಬಹುದು, ಆದರೆ ಎಂಪಿಡಿ ತನಗೆ ಗೊತ್ತಿರುವ ಟ್ಯಾಗ್‌ಗಳನ್ನಷ್ಟೇ ಓದುತ್ತದೆ. ಆದ್ದರಿಂದ ರಾಗವನ್ನು ‘ಗ್ರೂಪಿಂಗ್’ನಲ್ಲಿ, ತಾಳವನ್ನು ‘ಮೂಡ್’ನಲ್ಲಿ, ವಾಗ್ಗೇಯಕಾರರನ್ನು ‘ಕಂಪೋಸರ್’ನಲ್ಲಿ, ಪಕ್ಕವಾದ್ಯದ ಒಬ್ಬೊಬ್ಬರನ್ನೂ ಬೇರೆ ಬೇರೆ ‘ಪರ್ಫಾರ್ಮರ್’ ಆಗಿ ಹಾಕಿದೆ. ಈಗ ಚೌಡಯ್ಯ ಎಂದು ಹುಡುಕಿದರೆ ಅವರು ತನಿಯಾಗಿ ನುಡಿಸಿದ್ದೂ ಬರುತ್ತದೆ, ಗಾಯಕ ಚೆಂಬೈ ವೈದ್ಯನಾಥ ಭಾಗವತರಿಗೆ ಪಿಟೀಲು ನುಡಿಸಿದ್ದೂ ಬರುತ್ತದೆ. ಹಲವು ರಾಗಗಳನ್ನು ಪೋಣಿಸಿದ ರಾಗಮಾಲಿಕೆಗೆ ಅಷ್ಟೂ ರಾಗಗಳನ್ನು ಒಂದೊಂದಾಗಿ ಕೊಡಬೇಕು.

ತೋಡಿಯಲ್ಲಿ ವಿಶೇಷ ಜಾಗ್ರತೆ ಬೇಕಾಯಿತು. ಕರ್ನಾಟಕ ಸಂಗೀತದ ತೋಡಿ 8ನೆಯ ಮೇಳ (ಮೂಲ ರಾಗ), ಸ್ವರಗಳಲ್ಲಿ ಹಿಂದೂಸ್ತಾನಿಯ ಭೈರವಿಗೆ ಸಮೀಪ. ಹಿಂದೂಸ್ತಾನಿ ತೋಡಿ ನಮ್ಮ 45ನೆಯ ಮೇಳವಾದ ಶುಭಪಂತುವರಾಳಿಗೆ ಹತ್ತಿರದ್ದು. ಇವೆರಡನ್ನು ಒಂದೇ ಹೆಸರಿನಡಿ ಬೆರೆಸಿದರೆ ಹುಡುಕಾಟಕ್ಕೆ ಅರ್ಥವೇ ಇಲ್ಲ. ಪದ್ಧತಿಯನ್ನು ‘ಜಾನರ್’ ಟ್ಯಾಗ್‌ನಲ್ಲಿ ಬೇರ್ಪಡಿಸಿದೆ. ಕಾಂಬೋಜಿಯೋ ಕಾಂಭೋಜಿಯೋ, ಶಂಕರಾಭರಣವೋ ಶಂಕರಾಭರಣಂ ಎಂದೋ ಒಂದು ರೂಪ ನಿಗದಿ ಮಾಡಿ ಪಟ್ಟಿಯೊಂದನ್ನು ಬರೆದಿಟ್ಟುಕೊಂಡೆ. ದಾಸರ ಪದಗಳದ್ದು ಬೇರೆಯೇ ಶ್ರಮ. ರಚನೆ ಪುರಂದರದಾಸರದ್ದೇ ಆದರೂ ರಾಗ ಹಾಡುವವರಿಂದ ಹಾಡುವವರಿಗೆ ಬದಲಾಗುತ್ತದೆ, ಹೊದಿಕೆಯ ಮೇಲೆ ಬರೆದಿರದಿದ್ದರೆ ಕೂತು ಕೇಳಿಯೇ ತೀರ್ಮಾನಿಸಬೇಕು. ಸಂದೇಹ ಬಂದಲ್ಲಿ ಸಂಗೀತ ಪಾಠ ಹೇಳುವ ಅತ್ತಿಗೆಗೆ ಕೇಳಿಸುತ್ತಿದ್ದೆ.

ಟ್ಯಾಗ್‌ಗಳೆಲ್ಲ ಕನ್ನಡ ಲಿಪಿಯಲ್ಲಿವೆ. ಮೊಬೈಲಿನ ಎಂಪಿಡಿ ಆ್ಯಪ್‌ನಲ್ಲಿ ಅಮ್ಮ ಕನ್ನಡದಲ್ಲೇ ಟೈಪ್ ಮಾಡಿ ಬೇಕಾದ್ದನ್ನು ಹಚ್ಚಿಕೊಳ್ಳುತ್ತಾರೆ. ಕಡತಗಳ ಹೆಸರನ್ನು ಮಾತ್ರ ಚಿಕ್ಕದಾಗಿಡಿ. ಲಿನಕ್ಸ್‌ನಲ್ಲಿ ಹೆಸರಿಗೆ 255 ಬೈಟ್ ಮಿತಿಯಿದೆ, ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ‘ಶ್ರೀ’ ಒಂದಕ್ಕೇ 12 ಬೈಟ್. ಕೃತಿ, ರಾಗ, ತಾಳ, ಕರ್ತೃ ಎಲ್ಲವನ್ನೂ ಹೆಸರಿನಲ್ಲೇ ತುರುಕಲು ಹೋದರೆ ಜಾಗ ಸಾಲುವುದಿಲ್ಲ.

ವಿದ್ಯುತ್ತಿನ ಬಗ್ಗೆ ಎರಡು ಮಾತು. ಕರೆಂಟ್ ಹೋಗಿ ಇನ್ವರ್ಟರ್ ಶುರುವಾದರೆ, ಅದು ಸ್ಕ್ವೇರ್ ವೇವ್ ಬಗೆಯದಾದರೆ, ಆಂಪ್ಲಿಫೈಯರ್ ಗೊರಗುಟ್ಟುತ್ತದೆ. ಸೈನ್ ವೇವ್ ಇನ್ವರ್ಟರ್ ಹಾಕಿಸಿದ ಮೇಲೆ ನಮ್ಮಲ್ಲಿ ಆ ಸದ್ದು ನಿಂತಿತು. ಕಂಪ್ಯೂಟರ್ ಮತ್ತು ಆಂಪ್ಲಿಫೈಯರ್ ಬೇರೆ ಬೇರೆ ಕೋಣೆಯ ಪ್ಲಗ್ಗಿನಲ್ಲಿದ್ದರೆ ಅರ್ತಿಂಗ್ ವ್ಯತ್ಯಾಸದಿಂದ 50 ಹರ್ಟ್ಸ್‌ನ ಗುಂಗು ಬರಬಹುದು. ಎರಡಕ್ಕೂ ಒಂದೇ ಬೋರ್ಡಿನಿಂದ ವಿದ್ಯುತ್ ಕೊಡಿ. ಸದ್ದು ಹೋಗಲೆಂದು ಅರ್ತ್ ಪಿನ್ ಕಿತ್ತುಹಾಕುವವರಿದ್ದಾರೆ, ಅದು ಪ್ರಾಣಕ್ಕೆ ಅಪಾಯ. ಕರೆಂಟ್ ಮರಳಿದ ಕೂಡಲೇ ಕಂಪ್ಯೂಟರ್ ತಾನೇ ಚಾಲೂ ಆಗುವಂತೆ ಬಯೋಸ್‌ನಲ್ಲಿ ಹೊಂದಿಸಿದ್ದೇನೆ. ಕರೆಂಟ್ ಹಠಾತ್ತನೆ ಹೋದರೂ ಕಡತಗಳು ಕೆಡದಿರಲೆಂದು ಡಿಸ್ಕಿನಲ್ಲಿ ಹಾಡುಗಳಿರುವ ವಿಭಾಗವನ್ನು ಓದಲು ಮಾತ್ರ ತೆರೆದಿಡುತ್ತೇನೆ, ಹೊಸದು ಸೇರಿಸುವಾಗಷ್ಟೇ ಬರೆಯಲು ಬಿಡುತ್ತೇನೆ.

ಪ್ರತಿಗಳು ಎರಡು ಹೊರ ಡಿಸ್ಕುಗಳಲ್ಲಿವೆ, ಒಂದು ತಂಗಿಯ ಮನೆಯಲ್ಲಿದೆ. ಸಿ.ಡಿ.ಯನ್ನು ಮತ್ತೆ ಓದಬಹುದು, ಕೇಳಿ ಬರೆದ ರಾಗದ ಹೆಸರುಗಳನ್ನು ಮತ್ತೆ ಸಂಪಾದಿಸುವುದು ಕಷ್ಟ. ಪ್ರತಿ ಫ್ಲ್ಯಾಕ್ ಕಡತದಲ್ಲಿ ಮೂಲ ಧ್ವನಿಯ ಮೊಹರು, ಅಂದರೆ ತಾಳೆ ಮೊತ್ತ, ಅಡಗಿರುತ್ತದೆ, ಅದರ ಪರೀಕ್ಷೆಯನ್ನು ಡಿಸ್ಕುಗಳ ಮೇಲೆ ಆಗಾಗ ಓಡಿಸುತ್ತೇನೆ.

ಈಗ ನಡೆಯುತ್ತಿರುವುದು ಅಪ್ಪ ಆಕಾಶವಾಣಿಯಿಂದ ಮುದ್ರಿಸಿಟ್ಟ ಕ್ಯಾಸೆಟ್ಟುಗಳ ಕೆಲಸ. ಇವಕ್ಕೆ 24 ಬಿಟ್, 48,000 ಹರ್ಟ್ಸ್ ಸಾಕು, ಅದಕ್ಕಿಂತ ಮೇಲೆ ಹೋದರೆ ಟೇಪಿನ ಸುಯ್ಯೆನ್ನುವ ಸದ್ದನ್ನೇ ಅಚ್ಚುಕಟ್ಟಾಗಿ ತುಂಬಿಸಿದಂತೆ. ಮುದ್ರಿಸುವ ಮೊದಲು ಪ್ಲೇಯರಿನ ಹೆಡ್ ಸ್ವಚ್ಛಗೊಳಿಸಿ, ಟೇಪಿಗೆ ಹೆಡ್ ನಿಲ್ಲುವ ಕೋನವನ್ನು ಹೊಂದಿಸುವ ಅಜಿಮತ್ ತಿರುಪನ್ನು ಮೃದಂಗದ ಚಾಪು ಸ್ಪಷ್ಟವಾಗಿ ಕೇಳುವವರೆಗೆ ನಿಧಾನವಾಗಿ ತಿರುಗಿಸುತ್ತೇನೆ. ಟೇಪಿನ ವೇಗ ತಪ್ಪಿದ್ದರೆ ಶ್ರುತಿಯೇ ಜರುಗಿರುತ್ತದೆ. ಅದೇ ಗಾಯಕರ ಸಿ.ಡಿ.ಯ ಶ್ರುತಿಯ ಜೊತೆಗಿಟ್ಟು ಕೇಳಿ, ವೇಗ ಸರಿಪಡಿಸಿದ ಪ್ರತಿಯನ್ನು ಸರ್ವರಿಗೆ ಹಾಕಿ, ತಿದ್ದದ ಮೂಲವನ್ನೂ ಪಕ್ಕದಲ್ಲೇ ಉಳಿಸುತ್ತಿದ್ದೇನೆ.