ಮೊಣಕೈಯನ್ನು ನಂಬಿ ತಂಡ ಕಟ್ಟಿದ್ದು

2024ರ ಏಪ್ರಿಲ್ ಮೊದಲ ವಾರ ಮುಗಿಯುವಷ್ಟರಲ್ಲಿ ನನ್ನ ಫ್ಯಾಂಟಸಿ ಬೇಸ್‌ಬಾಲ್ ತಂಡದ ಮೂವರು ಎಳೆಯ ಪಿಚರ್‌ಗಳ, ಅಂದರೆ ಚೆಂಡು ಎಸೆಯುವವರ, ಮೊಣಕೈಗಳು ಕೈಕೊಟ್ಟವು. ಗುರುವಾರ ಮಯಾಮಿಯ ಯೂರಿ ಪೆರೆಸ್‌ಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ (ಮೊಣಕೈಯ ಹರಿದ ಅಸ್ಥಿರಜ್ಜನ್ನು ಮತ್ತೆ ಕಟ್ಟುವುದು) ಆಗಲೇಬೇಕು ಎಂಬ ಸುದ್ದಿ ಬಂತು. ಶನಿವಾರ ಅಟ್ಲಾಂಟಾದ ಸ್ಪೆನ್ಸರ್ ಸ್ಟ್ರೈಡರ್ ಮೊಣಕೈಯ ಅಸ್ಥಿರಜ್ಜಿಗೆ ಹಾನಿಯಾಗಿದೆ ಎಂದು ತಿಳಿಯಿತು. ಸಿಯಾಟಲ್‌ನ ಬ್ರಯಾನ್ ವೂ ಅಂತೂ ಋತುವಿನ ಮೊದಲ ದಿನದಿಂದಲೇ ಮೊಣಕೈ ಉರಿಯೂತವೆಂದು ಗಾಯಾಳುಗಳ ಪಟ್ಟಿಯಲ್ಲಿದ್ದ. ಮೊಬೈಲ್ ಹಿಡಿದು ಸೋಫಾದ ಮೇಲೆ ಮಂಕಾಗಿ ಕುಳಿತ ನನ್ನನ್ನು ನೋಡಿ ಹೆಂಡತಿ ಕೇಳಿದಳು: 'ಯಾರದೋ ಮೊಣಕೈ ನೋಯುತ್ತಿದ್ದರೆ ನಿಮಗೇಕೆ ಜ್ವರ ಬರಬೇಕು?'

ಉತ್ತರ ಸುಲಭವಿರಲಿಲ್ಲ. ನಾನು ಸಿಯಾಟಲ್ ಪಕ್ಕದ ಊರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಕಚೇರಿಯ ಹನ್ನೆರಡು ಮಂದಿ ಸೇರಿ ಆಡುವ ಫ್ಯಾಂಟಸಿ ಬೇಸ್‌ಬಾಲ್ ಲೀಗಿಗೆ ಒಂದು ಜಾಗ ಖಾಲಿಯಿದೆ ಎಂದು ಕರೆದರು, ಹೋಗಿ ಸಿಕ್ಕಿಕೊಂಡೆ. ಮಾರ್ಚ್‌ನಲ್ಲಿ ಹರಾಜು. ಒಬ್ಬೊಬ್ಬರಿಗೂ 260 ಕಾಲ್ಪನಿಕ ಡಾಲರ್, ಅದರಲ್ಲಿ 23 ಆಟಗಾರರನ್ನು ಕೊಳ್ಳಬೇಕು. ಅವರು ನಿಜವಾದ ಪಂದ್ಯಗಳಲ್ಲಿ ಮಾಡಿದ್ದೇ ನಮ್ಮ ಅಂಕ. ಪಿಚರ್‌ಗಳಿಂದ ಐದು ಲೆಕ್ಕ: ಗೆಲುವು, ಕೊನೆಯಲ್ಲಿ ಬಂದು ತಂಡದ ಮುನ್ನಡೆ ಕಾಯುವ ಸೇವ್, ಮೂರು ಸ್ಟ್ರೈಕ್‌ಗೆ ಬ್ಯಾಟರ್‌ನನ್ನು ಔಟ್ ಮಾಡುವ ಸ್ಟ್ರೈಕ್‌ಔಟ್, ಒಂಬತ್ತು ಇನಿಂಗ್ಸ್‌ಗೆ ಪಿಚರ್‌ನ ಲೆಕ್ಕಕ್ಕೆ ಬೀಳುವ ರನ್‌ಗಳ ಸರಾಸರಿಯಾದ ಇಆರ್‌ಎ, ಒಂದು ಇನಿಂಗ್ಸ್‌ಗೆ ಕೊಟ್ಟ ಹಿಟ್ ಮತ್ತು ವಾಕ್‌ಗಳ ಸರಾಸರಿ. ನಮ್ಮ ಲೀಗಿನಲ್ಲಿ ಕೊಂಡ ಆಟಗಾರನನ್ನು ಅದೇ ಬೆಲೆಗೆ ಮೂರು ಋತು ಇಟ್ಟುಕೊಳ್ಳಬಹುದು. ಎಳೆಯರ ಮೇಲೆ ಎಲ್ಲರ ಕಣ್ಣು ಬೀಳುವುದು ಈ ಒಂದು ನಿಯಮದಿಂದಾಗಿ. ಎರಡು ಡಾಲರಿಗೆ ಸಿಕ್ಕ ಹುಡುಗ ಮುಂದಿನ ವರ್ಷ ಇಪ್ಪತ್ತು ಡಾಲರಿನ ಆಟ ಆಡಿದರೆ, ಉಳಿದ ಹದಿನೆಂಟರಲ್ಲಿ ಒಬ್ಬ ಒಳ್ಳೆಯ ಬ್ಯಾಟರ್ ಬರುತ್ತಾನೆ.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಮೊದಲ ಎರಡು ವರ್ಷ ನನ್ನ ಗತಿಯೂ ಅದೇ. ಮೇಜರ್ ಲೀಗಿಗೆ ಏರುವ ಮುನ್ನ ಎಳೆಯರು ಪಳಗುವ ಮೈನರ್ ಲೀಗಿನ ಪ್ರತಿಭಾವಂತರ ಪಟ್ಟಿಗಳನ್ನು ಬಾಯಿಪಾಠ ಮಾಡಿದೆ. ಗಂಟೆಗೆ 100 ಮೈಲಿ ಎಸೆಯುವವನು ಕಂಡರೆ ಸಾಕು, ಬೆಲೆ ಏರಿಸುತ್ತಿದ್ದೆ. ನೂರು ಮೈಲಿ ಎಂದರೆ 161 ಕಿಲೋಮೀಟರ್. ನಮ್ಮ ಜಾವಗಲ್ ಶ್ರೀನಾಥ್ 145 ಮುಟ್ಟಿದರೆ ಎದ್ದು ಚಪ್ಪಾಳೆ ಹೊಡೆದು ಬೆಳೆದವನಿಗೆ ತಲೆ ತಿರುಗದೆ ಇರುತ್ತದೆಯೇ? ಆದರೆ ಆ ವೇಗಿಗಳಲ್ಲಿ ಹಲವರು ಚೆಂಡು ಎಲ್ಲಿ ಬೀಳುತ್ತದೆಂದು ತಮಗೇ ಗೊತ್ತಿಲ್ಲದವರು. ನಾಲ್ಕು ಕೆಟ್ಟ ಚೆಂಡಿಗೆ ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆಯುತ್ತಾನೆ, ಅದೇ ವಾಕ್. ಎರಡು ವಾಕ್, ಒಂದು ಹೋಮ್ ರನ್, ನನ್ನ ವಾರದ ಇಆರ್‌ಎ ಮಣ್ಣುಪಾಲು.

ಆಮೇಲೆ ಇಆರ್‌ಎ ನೋಡುವುದನ್ನೇ ಬಿಟ್ಟೆ. ಎಳೆಯನ ಹತ್ತು ಪಂದ್ಯಗಳ ಇಆರ್‌ಎಯಲ್ಲಿ ಅವನ ಕೈವಾಡ ಎಷ್ಟು, ಹಿಂದೆ ನಿಂತ ಫೀಲ್ಡರ್‌ಗಳದ್ದೆಷ್ಟು, ಅದೃಷ್ಟದ್ದೆಷ್ಟು ಎಂದು ಬಿಡಿಸಲಾಗದು. ಸ್ಟ್ರೈಕ್‌ಔಟ್ ಮತ್ತು ವಾಕ್ ಮಾತ್ರ ಬಹುಮಟ್ಟಿಗೆ ಅವನವೇ. ಎದುರಿಸಿದ ನೂರು ಬ್ಯಾಟರ್‌ಗಳಲ್ಲಿ ಎಷ್ಟು ಸ್ಟ್ರೈಕ್‌ಔಟ್, ಎಷ್ಟು ವಾಕ್, ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು, ಇಷ್ಟೇ ಗಣಿತ. ಮೇಜರ್ ಲೀಗಿನ ಸರಾಸರಿ ಸುಮಾರು 22ರಲ್ಲಿ 8 ಕಳೆದು 14. ಮೈನರ್ ಲೀಗಿನಲ್ಲಿ 20 ದಾಟದವನನ್ನು ನಾನು ಮುಟ್ಟುವುದಿಲ್ಲ. ಒಂಬತ್ತು ಇನಿಂಗ್ಸ್‌ಗೆ ಇಷ್ಟು ಎಂಬ ಹಳೆಯ ಲೆಕ್ಕ ಬೇಡ. ಹೊಡೆಸಿಕೊಳ್ಳುವ ಪಿಚರ್ ಅದೇ ಇನಿಂಗ್ಸ್‌ನಲ್ಲಿ ಹೆಚ್ಚು ಬ್ಯಾಟರ್‌ಗಳನ್ನು ಕಾಣುವುದರಿಂದ ಅವನ ಸ್ಟ್ರೈಕ್‌ಔಟ್ ಸುಮ್ಮನೆ ಉಬ್ಬಿ ಕಾಣುತ್ತದೆ.

ವೂ ಸಿಕ್ಕಿದ್ದು ಹೀಗೆ. ಮೇಜರ್ ಲೀಗಿನ ತಂಡಗಳು ಹೊಸಬರನ್ನು ಸುತ್ತು ಸುತ್ತಾಗಿ ಆರಿಸುವ 2021ರ ಆಯ್ಕೆಯಲ್ಲಿ ಆರನೆಯ ಸುತ್ತಿನವನು. ಕಾಲೇಜಿನಲ್ಲಿ ಇಆರ್‌ಎ ಆರಕ್ಕಿಂತ ಮೇಲೆ, ಸಾಲದ್ದಕ್ಕೆ ಆಗಲೇ ಟಾಮಿ ಜಾನ್ ಚಿಕಿತ್ಸೆಯಲ್ಲಿದ್ದ. ಆಗ ಪ್ರತಿಭಾವಂತರ ದೊಡ್ಡ ಪಟ್ಟಿಗಳ ಮುಂಚೂಣಿಯಲ್ಲಿ ಹೆಸರಿರಲಿಲ್ಲ. 2023ರ ವಸಂತದಲ್ಲಿ ಮೈನರ್ ಲೀಗಿನ ಮೇಲಿನಿಂದ ಎರಡನೆಯದಾದ ಡಬಲ್ ಎ ಹಂತದ ಅಂಕಿಗಳನ್ನು ಕೆದಕುತ್ತಿದ್ದಾಗ ಕಣ್ಣಿಗೆ ಬಿದ್ದ: ಒಂದು ವಾಕ್‌ಗೆ ನಾಲ್ಕಕ್ಕಿಂತ ಹೆಚ್ಚು ಸ್ಟ್ರೈಕ್‌ಔಟ್. ಜೂನ್‌ನಲ್ಲಿ ಅದರ ಮೇಲಿನ ಟ್ರಿಪಲ್ ಎ ಮೆಟ್ಟಿಲನ್ನೇ ಹಾರಿಸಿ ನೇರವಾಗಿ ಮೇಜರ್ ಲೀಗಿಗೆ ಕರೆಸಿದರು. ಕಚೇರಿಯ ಇನ್ನೊಬ್ಬ ಸಹೋದ್ಯೋಗಿ ನನಗಿಂತ ಮೊದಲೇ ಅವನನ್ನು ಎತ್ತಿಕೊಂಡ. ಟೆಕ್ಸಸ್ ವಿರುದ್ಧದ ಚೊಚ್ಚಲ ಪಂದ್ಯದಲ್ಲಿ ಎರಡು ಇನಿಂಗ್ಸ್ ಮುಗಿಸಿ ಮೂರನೆಯದಕ್ಕೆ ಕಾಲಿಡುವಷ್ಟರಲ್ಲಿ ಆರು ರನ್. ಸಹೋದ್ಯೋಗಿ ಅಂದೇ ರಾತ್ರಿ ಕೈಬಿಟ್ಟ.

ನಾನು ಆ ಪಂದ್ಯವನ್ನು ಮತ್ತೆ ಹಾಕಿಕೊಂಡು ನೋಡಿದೆ. ಹೊಡೆಸಿಕೊಂಡಿದ್ದು ನಿಜ. ಆದರೆ ವೇಗ 95 ಮೈಲಿಯ ಆಸುಪಾಸಿನಿಂದ ಕುಸಿದಿರಲಿಲ್ಲ. ಮುಖ್ಯವಾಗಿ ಅವನ ಕೈ ಚೆಂಡು ಬಿಡುವ ಎತ್ತರ ಕಡಿಮೆ. ತಗ್ಗಿನಿಂದ ಹೊರಟ ಫಾಸ್ಟ್‌ಬಾಲ್ ಸ್ಟ್ರೈಕ್ ವಲಯದ (ಚೆಂಡು ಸರಿಯೆನಿಸುವ, ಬ್ಯಾಟರ್‌ನ ಎದೆಯಿಂದ ಮಂಡಿಯವರೆಗಿನ ಚೌಕಟ್ಟು) ಮೇಲ್ಭಾಗಕ್ಕೆ ಬಂದಾಗ ಇಳಿಜಾರೇ ಇಲ್ಲದಂತೆ ಚಪ್ಪಟೆಯಾಗಿ ಸಾಗುತ್ತದೆ. ಇನ್ನಷ್ಟು ಇಳಿಯುತ್ತದೆಂದು ಲೆಕ್ಕ ಹಾಕಿದ ಬ್ಯಾಟು ಅದರ ಕೆಳಗೆ ಗಾಳಿ ಬೀಸುತ್ತದೆ. ಕ್ರಿಕೆಟ್‌ನಲ್ಲಿ ಕುಳ್ಳ ವೇಗಿಯ ಚೆಂಡು ಪುಟಿದ ಮೇಲೆ ಜಾರಿಕೊಂಡು ಬಂದು ಬ್ಯಾಟ್ಸ್‌ಮನ್‌ನನ್ನು ಮೋಸಗೊಳಿಸುತ್ತದಲ್ಲ, ಸರಿಸುಮಾರು ಅದೇ ಭ್ರಮೆ. ಬೇಸ್‌ಬಾಲ್ ಸವಂತ್ ತಾಣದಲ್ಲಿ ಈ ಎತ್ತರ, ತಿರುಗು, ಬೀಸಿ ತಪ್ಪಿದ ಪ್ರಮಾಣ ಎಲ್ಲವೂ ಉಚಿತವಾಗಿ ಸಿಗುತ್ತವೆ. ಋತುವಿನ ನಡುವಿನ ಖರೀದಿಗೆಂದು ಇರುವ 100 ಡಾಲರಿನಲ್ಲಿ ಎರಡು ಡಾಲರ್ ಕೂಗಿದೆ. ಎದುರು ಯಾರೂ ಕೂಗಲಿಲ್ಲ.

ಆ ವರ್ಷ ಎಡಗೈ ಬ್ಯಾಟರ್‌ಗಳು ಅವನನ್ನು ಚೆನ್ನಾಗಿಯೇ ಬಡಿದರು. ಅವರು ತುಂಬಿರುವ ತಂಡಗಳೆದುರು ಅವನನ್ನು ಬೆಂಚಿನಲ್ಲಿ ಕೂರಿಸುತ್ತಿದ್ದೆ. ತವರು ಮೈದಾನದಲ್ಲಿ ಮಾತ್ರ ಕಣ್ಣುಮುಚ್ಚಿ ಆಡಿಸುತ್ತಿದ್ದೆ. ಸಿಯಾಟಲ್‌ನ ತಂಪು ಗಾಳಿಯಲ್ಲಿ ಚೆಂಡು ದೂರ ಹಾರುವುದಿಲ್ಲ. ಡೆನ್ವರ್‌ನದು ಇದಕ್ಕೆ ತದ್ವಿರುದ್ಧ: ಸಮುದ್ರಮಟ್ಟದಿಂದ 1600 ಮೀಟರ್ ಎತ್ತರ, ತೆಳು ಗಾಳಿ. ಅಲ್ಲಿ ದೇವರೇ ಪಿಚ್ ಮಾಡಿದರೂ ನನ್ನ ಬೆಂಚೇ ಗತಿ.

ಗೆಲುವಿನ ಲೆಕ್ಕಕ್ಕೆ ನನ್ನಲ್ಲಿ ಮದ್ದಿಲ್ಲ. ಪಿಟ್ಸ್‌ಬರ್ಗ್‌ನ ಪಾಲ್ ಸ್ಕೀನ್ಸ್ 2025ರಲ್ಲಿ 1.97 ಇಆರ್‌ಎಯೊಂದಿಗೆ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ; ಗೆಲುವು 10, ಸೋಲೂ 10. ತಂಡ ರನ್ ಹೊಡೆಯದಿದ್ದರೆ ಪಿಚರ್ ಏನು ಮಾಡಿಯಾನು? ಎಳೆಯರ ತೋಳು ಉಳಿಸುವ ಚಿಂತೆ ಬೇರೆ. 2024ರ ಜುಲೈನಲ್ಲಿ ಅದೇ ಸ್ಕೀನ್ಸ್ ಮಿಲ್ವಾಕಿ ಎದುರು ಏಳು ಇನಿಂಗ್ಸ್ ಒಂದೂ ಹಿಟ್ ಕೊಡದೆ 99 ಎಸೆತ ಮುಗಿಸಿದ್ದಾಗ ಕರೆದು ಕೂರಿಸಿದರು. ಹಾಗಾಗಿ ಎಳೆಯನ ಇನಿಂಗ್ಸ್ ಲೆಕ್ಕವನ್ನು ನಾನು ಮೊದಲೇ ಕಾಲುಭಾಗ ತಗ್ಗಿಸಿ ಬೆಲೆ ಕಟ್ಟುತ್ತೇನೆ.

ಮೊಣಕೈಗೆ ಮಾತ್ರ ಯಾವ ಗಣಿತವೂ ನಿಲ್ಲದು. 2023ರಲ್ಲಿ 281 ಸ್ಟ್ರೈಕ್‌ಔಟ್ ಮಾಡಿದ ಸ್ಟ್ರೈಡರ್‌ಗೆ ಮುಂದಿನ ಮಾರ್ಚ್‌ನ ಹರಾಜಿನಲ್ಲಿ 41 ಡಾಲರ್ ಸುರಿದೆ. ಅವನು ಎರಡೇ ಪಂದ್ಯ ಆಡಿದ. ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದ ತಿಂಗಳುಗಟ್ಟಲೆ ಮೂಲೆ ಸೇರಿದಾಗ ಮನೆಯವರೆಲ್ಲ ಮರುಗಿದ್ದು ನೆನಪಿದೆ, ಆದರೆ ಅಂದು ಅವರ ಮೇಲೆ ನಾನು ಡಾಲರ್ ಕಟ್ಟಿರಲಿಲ್ಲ. ಸ್ಟ್ರೈಡರ್‌ನ ಆ ಪೆಟ್ಟಿನಿಂದ ಈಚೆಗೆ ನನ್ನ ಒಂಬತ್ತು ಪಿಚರ್‌ಗಳಲ್ಲಿ ವಯಸ್ಸು ಇಪ್ಪತ್ತೈದು ದಾಟದವರು ಮೂವರಿಗಿಂತ ಹೆಚ್ಚಿಲ್ಲ.

ಆ ಏಪ್ರಿಲ್‌ನಲ್ಲಿ ವೂನನ್ನೂ ಕೈಬಿಡುವ ಯೋಚನೆ ಬಂದಿತ್ತು. ಎರಡು ಡಾಲರಿನವನು, ಬಿದ್ದಿರಲಿ ಎಂದು ಸುಮ್ಮನಾದೆ. ಮೇ ತಿಂಗಳಲ್ಲಿ ಮರಳಿದವನು ಆ ವರ್ಷದ 121 ಇನಿಂಗ್ಸ್‌ನಲ್ಲಿ ಕೊಟ್ಟ ವಾಕ್ ಬರೀ 13. 2025ರಲ್ಲಿ ಮೊದಲ 25 ಪಂದ್ಯಗಳಲ್ಲೂ ಆರು ಇನಿಂಗ್ಸ್ ಪೂರೈಸಿದ. ಸೆಪ್ಟೆಂಬರ್‌ನಲ್ಲಿ ಎದೆಯ ಸ್ನಾಯು ಹಿಡಿದುಕೊಂಡು ಹೊರನಡೆದಾಗ ನಮ್ಮ ಲೀಗಿನ ಪಟ್ಟಿಯಲ್ಲಿ ನಾನು ಒಂದೂವರೆ ಅಂಕದಿಂದ ಮುಂದಿದ್ದೆ. ಕೊನೆಯ ದಿನ ಅರ್ಧ ಅಂಕದಿಂದ ಎರಡನೆಯವನಾದೆ.

ಮೂರು ಋತು ಮುಗಿಯಿತು, ವೂ ಮತ್ತೆ ಹರಾಜಿಗೆ. ಅಂದು ಅವನನ್ನು ಕೈಬಿಟ್ಟಿದ್ದ ಸಹೋದ್ಯೋಗಿ ಕಾಫಿ ಯಂತ್ರದ ಬಳಿ ಸಿಕ್ಕಾಗಲೆಲ್ಲ ಮೂವತ್ತರವರೆಗೂ ಹೋಗುತ್ತೇನೆ ಎನ್ನುತ್ತಾನೆ. ನಾನು ಇಪ್ಪತ್ತಾರಕ್ಕೆ ನಿಲ್ಲಿಸುತ್ತೇನೆ. ಇದನ್ನು ಅವನಿಗೆ ಹೇಳಿಲ್ಲ.