ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ: ಒಬ್ಬರೇ 200 ಕಿ.ಮೀ. ಸೈಕಲ್ ಸವಾರಿಗೆ ಸಿದ್ಧರಾಗುವ ಬಗೆ

ದೂರದ ಸೈಕಲ್ ಸವಾರಿಯ ಮೊದಲ ಮೆಟ್ಟಿಲು 200 ಕಿ.ಮೀ.ಗಳ ಬ್ರೆವೆ (ಪೈಪೋಟಿಯಿಲ್ಲದ, ಗೊತ್ತಾದ ಸಮಯದೊಳಗೆ ಮುಗಿಸುವ ಸವಾರಿ), ಇದನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಊಟ, ಚಹಾ, ಪಂಕ್ಚರು ಎಲ್ಲವೂ ಆ ಸಮಯದಲ್ಲೇ ಸೇರಿರುತ್ತವೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕ್ಲಿಂಗ್ ಪಟುಗಳಿಗೆ ಹೆಸರಾಗಿದ್ದರೂ, ನೌಕರಿಯ ನಡುವೆ ನಸುಕಿನಲ್ಲಿ ತುಳಿಯಲು ಹೊರಡುವವರಿಗೆ ಜೊತೆಗಾರರು ಸಿಗುವುದು ಅಪರೂಪ. ಒಬ್ಬರೇ ತುಳಿಯುವವರಿಗೆ ‘ಸಾವಕಾಶ’ ಎಂದು ಹೇಳುವವರೂ ಇರುವುದಿಲ್ಲ. ಮೊದಲ ಮೂವತ್ತು ಕಿ.ಮೀ.ಗಳಲ್ಲೇ ಕಾಲಿನ ಕಸುವನ್ನೆಲ್ಲ ಕಳೆದುಕೊಳ್ಳುವ ತಪ್ಪು ಹುಟ್ಟುವುದು ಅಲ್ಲಿಂದಲೇ.

ಮೊದಲು ಸೀಟಿನ ಎತ್ತರ ಸರಿಪಡಿಸಿಕೊಳ್ಳಿ. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರಬೇಕು.

ಈಗ 40 ಕಿ.ಮೀ. ಸಲೀಸಾಗಿ ತುಳಿಯಬಲ್ಲವರಿಗೆ ಹನ್ನೆರಡು ವಾರಗಳ ತಯಾರಿ ಸಾಕು. ಮಂಗಳವಾರ ಮತ್ತು ಗುರುವಾರ ಒಂದೊಂದು ಗಂಟೆ ತುಳಿದು, ಭಾನುವಾರದ ದೂರವನ್ನು 40, 50, 60 ಎಂದು ಏರಿಸಿ, ನಾಲ್ಕನೆಯ ವಾರ 45ಕ್ಕೆ ಇಳಿಸಬೇಕು. ಬಳಿಕ 70, 80, 95. ಎಂಟನೆಯ ವಾರ ಮತ್ತೆ 65. ಕೊನೆಗೆ 110, 125, 145. ಇಳಿಸುವ ವಾರಗಳಲ್ಲಿ ಕಾಲು ಹಗುರಾಗಿ ಇನ್ನಷ್ಟು ತುಳಿಯುವ ಆಸೆಯಾಗುತ್ತದೆ, ಆದರೆ ಸ್ನಾಯುಗಳು ಬಲಗೊಳ್ಳುವುದು ಆ ಬಿಡುವಿನಲ್ಲೇ.

ವೇಗ ಎಷ್ಟಿರಬೇಕೆಂಬುದನ್ನು ಉಸಿರಿನಿಂದ ಅಳೆಯುವುದು ಲೇಸು. ಒಂದು ವಚನವನ್ನು ಗಟ್ಟಿಯಾಗಿ ಹೇಳಿ ನೋಡಿ. ಸಾಲಿನ ನಡುವೆ ಉಸಿರು ತುಂಡಾದರೆ ನಿಧಾನಿಸಬೇಕು. (ಹೊಲದಲ್ಲಿದ್ದವರು ತಿರುಗಿ ನೋಡಿದರೆ ನೋಡಲಿ.)

ಘಟ್ಟಗಳಿಲ್ಲದ ಈ ಬಯಲು ಸೀಮೆಯಲ್ಲಿ ಗಾಳಿಯೇ ಘಟ್ಟ. ಗುಂಪಿನಲ್ಲಿ ಹಿಂದಿರುವವರಿಗೆ ಮುಂದಿನವರ ಮರೆ ಸಿಗುತ್ತದೆ, ಒಂಟಿ ಸವಾರರಿಗೆ ಅದೂ ಇಲ್ಲ. ಆಷಾಢದ ಪಡುವಣ ಗಾಳಿಯಲ್ಲಿ ವಿಜಯಪುರದಿಂದ ಪೂರ್ವದ ಸಿಂದಗಿಯತ್ತ ಹೊರಟರೆ ಹೋಗುವ ದಾರಿ ಹಾರಿದಂತೆ ಸಾಗುತ್ತದೆ, ಆದರೆ ದಣಿದ ಕಾಲುಗಳಿಗೆ ಮರಳುವ ದಾರಿಯುದ್ದಕ್ಕೂ ಎದುರುಗಾಳಿ ಕಾದಿರುತ್ತದೆ. ಆದ್ದರಿಂದ ಆ ದಿನಗಳಲ್ಲಿ ಬಬಲೇಶ್ವರದ ಮೇಲೆ ನೈಋತ್ಯದ ಜಮಖಂಡಿಯತ್ತ ಹೊರಡುವುದು ಜಾಣತನ. ಅದು ಸುಮಾರು 60 ಕಿ.ಮೀ. ದೂರವಿದೆ, ದಾರಿಯಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಯನ್ನು ದಾಟುವಲ್ಲಿ ದಣಿವಾರಿಸಿಕೊಳ್ಳಬಹುದು. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬೀಸುವುದರಿಂದ ದಿಕ್ಕನ್ನು ಬದಲಿಸಿಕೊಳ್ಳಿ. ಎದುರುಗಾಳಿಯಲ್ಲಿ ಹಗುರ ಗೇರಿಗೆ ಇಳಿಸಿ, ನಿಮಿಷಕ್ಕೆ 80ರಿಂದ 90 ಸುತ್ತು ಪೆಡಲ್ ತಿರುಗುವಂತೆ ನೋಡಿಕೊಳ್ಳಬೇಕು. ವೇಗ ಗಂಟೆಗೆ 16 ಕಿ.ಮೀ.ಗೆ ಕುಸಿದರೂ ಚಿಂತೆ ಬೇಡ.

ಹಸಿವಾದ ಮೇಲೆ ತಿನ್ನುವುದು ತಡವಾದಂತೆಯೇ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ದೇಹಕ್ಕೆ ಬೇಕು. ಒಂದು ಬಾಳೆಹಣ್ಣು, ಒಂದು ಹಿಡಿ ಒಣದ್ರಾಕ್ಷಿ ಅದನ್ನು ಒದಗಿಸುತ್ತವೆ. ಕರದಂಟು ರುಚಿಯಾದರೂ ಕೊಬ್ಬು ಹೆಚ್ಚಿರುವುದರಿಂದ ನಿಧಾನವಾಗಿ ಕರಗುತ್ತದೆ, ಸಣ್ಣ ತುಂಡು ಸಾಕು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಹಿಂದಿನ ರಾತ್ರಿಗಿರಲಿ. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಮಟ್ಟಸವಾಗಿ ಅಳೆದು ಹಾಕಿ, ನಿಂಬೆ ಹಿಂಡಿಕೊಂಡು ಗುಟುಕರಿಸುತ್ತಿರಬೇಕು.

ಎರಡು ಟ್ಯೂಬು, ಟೈರ್ ಲಿವರ್, ಕೈಪಂಪು ಜೊತೆಗಿರಲೇಬೇಕು, ಏಕೆಂದರೆ ಈ ಕಡೆಯ ಜಾಲಿ ಮುಳ್ಳು ಯಾವ ಟೈರನ್ನೂ ಬಿಡುವುದಿಲ್ಲ. ನಾನು ಒಮ್ಮೆ ಬಬಲೇಶ್ವರದ ರಸ್ತೆಯಲ್ಲಿ ಅವಸರದಿಂದ ಹೊಸ ಟ್ಯೂಬು ಹಾಕಿ, ಇನ್ನೂರು ಗಜ ಹೋಗುವಷ್ಟರಲ್ಲಿ ಅದೂ ಗಾಳಿ ಬಿಟ್ಟಿತು. ಮುರಿದ ಮುಳ್ಳಿನ ಮೊನೆ ಟೈರಿನಲ್ಲೇ ಉಳಿದಿತ್ತು. ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಚುಚ್ಚಿದರೆ ರಕ್ತ ಬರುತ್ತದೆ. ಹತ್ತಿಯ ಕರವಸ್ತ್ರವನ್ನು ಟೈರಿನ ಒಳಮೈ ಮೇಲೆ ಮೆಲ್ಲಗೆ ಎಳೆದರೆ ಮುಳ್ಳಿರುವಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಹೊರಗಿನಿಂದ ಒತ್ತಿ ಅದನ್ನು ಒಳಕ್ಕೆ ತಂದು ತೆಗೆಯಬೇಕು.

ಕಬ್ಬು ಸಾಗಿಸುವ ಹಂಗಾಮಿನಲ್ಲಿ ಕತ್ತಲಲ್ಲಿ ಹೊರಡುವುದು ಬೇಡ. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದಿನ ಟ್ರೇಲರ್ ಓಲಾಡುತ್ತದೆ, ಹಲವಕ್ಕೆ ಹಿಂಬದಿಯ ದೀಪವೂ ಇರುವುದಿಲ್ಲ. ಹೋಗುವ ದಾರಿ, ಮರಳುವ ಹೊತ್ತನ್ನು ಮನೆಯಲ್ಲಿ ಬರೆದಿಟ್ಟು ಹೊರಡಿ.

ಹನ್ನೆರಡನೆಯ ವಾರ ಮಂಗಳವಾರ, ಗುರುವಾರ ಅರ್ಧರ್ಧ ಗಂಟೆ ತುಳಿದರೆ ಸಾಕು. ಆ ವಾರ ಹೊಸ ಸೀಟು, ಹೊಸ ಶೂ ಬೇಡ. ಚೈನಿಗೆ ಎಣ್ಣೆ ಬಿಟ್ಟು, ಮೇಲೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿಡಿ, ಇಲ್ಲವಾದರೆ ಎರೆ ಮಣ್ಣಿನ ಧೂಳೆಲ್ಲ ಅಲ್ಲಿಯೇ ಮೆತ್ತಿಕೊಳ್ಳುತ್ತದೆ.